ಜೆಲ್‌ನಲ್ಲಿ ನಾಲ್ಕು ಬ್ಯಾಂಡ್: ಸ್ಪ್ಲೈಸಿಂಗ್ ದೋಷ ಹುಡುಕುವುದು ಹೇಗೆ?

ಶುಕ್ರವಾರ ಸಂಜೆ ಐದೂವರೆ. ಬ್ಯಾಗ್ ಹೆಗಲಿಗೇರಿಸಿ ಹೊರಟಿದ್ದೆ. ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿ ಜೆಲ್ ಫೋಟೊ ಹಿಡಿದು ಓಡಿ ಬಂದಳು.

"ಮೇಡಂ, ಒಂದು ಬ್ಯಾಂಡ್ ಬರಬೇಕಿತ್ತು, ನಾಲ್ಕು ಬಂದಿದೆ! ಹೊಸ ಮ್ಯುಟೇಶನ್ ಅನ್ಸುತ್ತೆ."

"ಹೊಸದೋ ಹಳೆಯದೋ ಆಮೇಲೆ ನೋಡೋಣ. ಮೊದಲು ಕೂತ್ಕೋ," ಅಂದೆ.

ಸ್ಯಾಂಪಲ್ ಒಬ್ಬ ಯುವಕನದು. ಜೊತೆಗೆ ಬಂದ ಚೀಟಿಯಲ್ಲಿ ಎರಡೇ ಸಾಲು. ಎ2 ಜಾಸ್ತಿ ಇದೆ, ಬೀಟಾ ಥಲಸ್ಸೇಮಿಯಾ ಕ್ಯಾರಿಯರ್ ಇರಬಹುದು, ನೋಡಿ. (ಎ2 ಅಂದರೆ ರಕ್ತದಲ್ಲಿ ಸ್ವಲ್ಪವೇ ಇರುವ ಒಂದು ಬಗೆಯ ಹೀಮೊಗ್ಲೋಬಿನ್. ಬೀಟಾ ಥಲಸ್ಸೇಮಿಯಾ ಅಂದರೆ ಹೀಮೊಗ್ಲೋಬಿನ್‌ನ ಬೀಟಾ ಗ್ಲೋಬಿನ್ ಭಾಗ ಸಾಕಷ್ಟು ತಯಾರಾಗದ, ವಂಶದಿಂದ ಬರುವ ಕಾಯಿಲೆ. ಕ್ಯಾರಿಯರ್‌ಗೆ ಎರಡರಲ್ಲಿ ಒಂದು ಜೀನ್ ಮಾತ್ರ ಕೆಟ್ಟಿರುತ್ತದೆ.) ಭಾರತದಲ್ಲಿ ಹೆಚ್ಚಾಗಿ ಸಿಗುವ ಐದು ಮ್ಯುಟೇಶನ್‌ಗಳ ಪರೀಕ್ಷೆ ಮಾಡಿದ್ದೆವು: ಐವಿಎಸ್ 1-5, ಐವಿಎಸ್ 1-1, ಕೋಡಾನ್ 8/9, ಕೋಡಾನ್ 41/42, ಮತ್ತೆ 619 ಅಕ್ಷರ ಕಳೆದುಹೋಗುವ ಡಿಲೀಶನ್. (ಇವು ಜೀನ್‌ನಲ್ಲಿ ತಪ್ಪಿರುವ ಜಾಗದ ಹೆಸರುಗಳು. ಐವಿಎಸ್ ಅಂದರೆ ಇಂಟ್ರಾನ್ ಎಂಬ ತುಂಡು, ಅದನ್ನು ಮುಂದೆ ಹೇಳುತ್ತೇನೆ. ಕೋಡಾನ್ ಅಂದರೆ ಒಂದು ಅಮೈನೊ ಆಮ್ಲವನ್ನು ಸೂಚಿಸುವ ಮೂರು ಅಕ್ಷರ.) ಐದೂ ನೆಗೆಟಿವ್. ಹೀಗಾದಾಗ ಇಡೀ ಬೀಟಾ ಗ್ಲೋಬಿನ್ ಜೀನ್ ಓದಿಸಬೇಕು. ಅದಕ್ಕೆ ಕಳಿಸಿಯೂ ಆಗಿತ್ತು. ಉತ್ತರ ಬರುವಷ್ಟರಲ್ಲಿ ಹುಡುಗಿ ಆರ್‌ಎನ್‌ಎ ಕೆಲಸ ಕಲಿಯಲಿ ಅಂತ ಅದೇ ರಕ್ತದಲ್ಲಿ ಆರ್‌ಎನ್‌ಎ ತೆಗೆಸಿದ್ದೆ.

ಅವಳು ಅದರಿಂದ ಡಿಎನ್‌ಎ ನಕಲು ತೆಗೆದು, ಬೀಟಾ ಗ್ಲೋಬಿನ್‌ನ ಒಂದು ತುಂಡನ್ನು ಪಿಸಿಆರ್‌ನಲ್ಲಿ (ಡಿಎನ್‌ಎ ತುಂಡನ್ನು ಸುತ್ತುಸುತ್ತಾಗಿ ಹೆಚ್ಚಿಸುವ ವಿಧಾನ) ಹೆಚ್ಚಿಸಿ ಜೆಲ್ ಮೇಲೆ ಓಡಿಸಿದ್ದಳು. ಜೆಲ್‌ನಲ್ಲಿ ಉದ್ದದ ತುಂಡು ಮೇಲೆ ನಿಲ್ಲುತ್ತದೆ, ಗಿಡ್ಡದ್ದು ಕೆಳಗೆ ಇಳಿಯುತ್ತದೆ. 250 ಅಕ್ಷರದ ಹತ್ತಿರ ದಪ್ಪ ಬ್ಯಾಂಡ್ ಇತ್ತು. ಅದು ಬರಬೇಕಾದದ್ದೇ. ಅದರ ಮೇಲೆ 380ರಲ್ಲಿ ಒಂದು, 300ರ ಆಸುಪಾಸಿನಲ್ಲಿ ಮಬ್ಬಾಗಿ ಒಂದು. 250ಕ್ಕೆ ಸ್ವಲ್ಪ ಕೆಳಗೆ ಇನ್ನೊಂದು ಸಣ್ಣ ಗೆರೆ. ಈ ನಾಲ್ಕರಲ್ಲಿ ಯಾವುದು ರೋಗಿಯ ಕೋಶದ್ದು, ಯಾವುದು ನಮ್ಮ ಕೈಯದ್ದು? ಅದನ್ನು ಬಿಡಿಸಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಜೀನ್ ಬೇರೆಯಾದರೂ ಕ್ರಮ ಇದೇ.

ಮೊದಲು, ಕೋಶ ಏನು ಮಾಡಬೇಕಿತ್ತು?

ಜೀನ್‌ನಿಂದ ನಕಲಾಗಿ ಬಂದ ಆರ್‌ಎನ್‌ಎ ಹಸಿ ಮಾಲು. ಅದರ ತಲೆಗೆ ಒಂದು ಟೋಪಿ ಬೀಳಬೇಕು. ಬಾಲದ ಕಡೆ ಕತ್ತರಿಸಿ ಸುಮಾರು 200 ಎ ಅಕ್ಷರಗಳ ಸರ ಕಟ್ಟಬೇಕು. ನಡುವಿನ ಇಂಟ್ರಾನ್‌ಗಳನ್ನು (ಬೇಡದ ತುಂಡುಗಳನ್ನು) ತೆಗೆದು ಎಕ್ಸಾನ್‌ಗಳನ್ನು (ಉಳಿಯಬೇಕಾದ ತುಂಡುಗಳನ್ನು) ಒಂದಕ್ಕೊಂದು ಹೊಲಿಯಬೇಕು. ಈ ಹೊಲಿಗೆಯೇ ಸ್ಪ್ಲೈಸಿಂಗ್. ಆಮೇಲೆ ಅದು ನ್ಯೂಕ್ಲಿಯಸ್ ದಾಟಿ ಹೊರಗೆ ಬರುತ್ತದೆ. ಹೀಗೆ ತುಂಡುತುಂಡಾಗಿರುವ ಜೀನ್ ಇರುತ್ತದೆ ಅಂತ ಮೊದಲು ಗೊತ್ತಾದದ್ದು 1977ರಲ್ಲಿ, ಅಡಿನೋವೈರಸ್‌ನಲ್ಲಿ. ಅದಕ್ಕೆ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್‌ಗೆ 1993ರಲ್ಲಿ ನೊಬೆಲ್ ಬಂತು.

ಬೀಟಾ ಗ್ಲೋಬಿನ್ ಪುಟ್ಟ ಜೀನ್. ಸುಮಾರು 1600 ಅಕ್ಷರ, ಮೂರು ಎಕ್ಸಾನ್, ಎರಡು ಇಂಟ್ರಾನ್. ಮೊದಲ ಇಂಟ್ರಾನ್ 130 ಅಕ್ಷರ, ಎರಡನೆಯದು 850. ಈ 130 ಎಂಬ ಸಂಖ್ಯೆ ನೆನಪಿರಲಿ, ಮುಂದೆ ಕಾಟ ಕೊಡುತ್ತದೆ.

ಎಲ್ಲಿ ಕತ್ತರಿಸಬೇಕು ಅಂತ ಕೋಶಕ್ಕೆ ಹೇಗೆ ಗೊತ್ತಾಗುತ್ತದೆ? ಇಂಟ್ರಾನ್ ಶುರುವಾಗುವ ಕಡೆ ಜಿ-ಟಿ ಇರುತ್ತದೆ, ಮುಗಿಯುವ ಕಡೆ ಎ-ಜಿ. (ಆರ್‌ಎನ್‌ಎಯಲ್ಲಿ ಟಿ ಜಾಗದಲ್ಲಿ ಯು ಇರುತ್ತದೆ. ನಾವು ಲ್ಯಾಬಿನಲ್ಲಿ ಓದುವುದು ಅದರ ಡಿಎನ್‌ಎ ನಕಲನ್ನು, ಹಾಗಾಗಿ ಟಿ ಎಂದೇ ಬರೆಯುತ್ತೇನೆ.) ಬರೀ ಎರಡೆರಡು ಅಕ್ಷರವಾದರೆ ಹೆಜ್ಜೆಗೊಂದು ಸಿಗುತ್ತದೆ, ಸಾಲದು. ಶುರುವಿನ ಜಾಗದ ಆಚೀಚೆ ಒಟ್ಟು ಒಂಬತ್ತು ಅಕ್ಷರಗಳನ್ನು ಯು1 ಎಂಬ ಚಿಕ್ಕ ಆರ್‌ಎನ್‌ಎ ಜೋಡಿಸಿ ನೋಡುತ್ತದೆ. ಅದಕ್ಕೆ ತುಂಬ ಇಷ್ಟವಾದ ಸಾಲು ಇದು: ಎಕ್ಸಾನ್ ಕೊನೆಯಲ್ಲಿ ಸಿ-ಎ-ಜಿ, ಇಂಟ್ರಾನ್ ಶುರುವಿನಲ್ಲಿ ಜಿ-ಟಿ-ಎ-ಎ-ಜಿ-ಟಿ. ಒಂಬತ್ತಕ್ಕೆ ಒಂಬತ್ತು ಹೊಂದುವ ಜಾಗ ಕಡಿಮೆ. ಆರೇಳು ಹೊಂದಿದರೂ ಕೆಲಸ ನಡೆಯುತ್ತದೆ. ದೋಷಕ್ಕೆ ದಾರಿಯಾಗುವುದು ಈ ಹೊಂದಾಣಿಕೆಯೇ.

ಟ್ಯೂಬ್ ಸರಿಯಿದೆಯಾ?

ರೋಗಿಯ ಜೀನ್ ಮೇಲೆ ಆರೋಪ ಹೊರಿಸುವ ಮುಂಚೆ ನಮ್ಮ ಟ್ಯೂಬ್ ನೋಡಬೇಕು. ಇಲ್ಲದಿದ್ದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತದೆ.

ಆರ್‌ಎನ್‌ಎ ಬೇಗ ಕೆಡುವ ವಸ್ತು. ಅದನ್ನು ತಿನ್ನುವ ಕಿಣ್ವ ನಮ್ಮ ಬೆರಳಿನಲ್ಲೇ ಇದೆ. ಒಂದು ಹನಿ ಆರ್‌ಎನ್‌ಎಯನ್ನು ಜೆಲ್ ಮೇಲೆ ಓಡಿಸಿ ನೋಡಿ. ರೈಬೋಸೋಮ್ ಆರ್‌ಎನ್‌ಎಯ 28ಎಸ್ ಮತ್ತು 18ಎಸ್ ಎಂಬ ಎರಡು ಚೊಕ್ಕ ಬ್ಯಾಂಡ್ ಕಾಣಬೇಕು, ಮೇಲಿನದು ಕೆಳಗಿನದಕ್ಕಿಂತ ಸುಮಾರು ಎರಡರಷ್ಟು ಗಾಢ ಇರಬೇಕು. ಬದಲಿಗೆ ಕೆಳಗಡೆ ಹೊಗೆಯ ಹಾಗೆ ಹರಡಿದ್ದರೆ ಆ ಸ್ಯಾಂಪಲ್ ಬಿಟ್ಟುಬಿಡಿ. ಮತ್ತೆ ರಕ್ತ ಕೇಳಿ, ನಾಚಿಕೆ ಬೇಡ.

ಕೆಟ್ಟ ಆರ್‌ಎನ್‌ಎ ಮಾಡುವ ಮೋಸ ಸ್ವಾರಸ್ಯವಾಗಿದೆ. ಬಾಲದ ಎ ಸರಕ್ಕೆ ಅಂಟುವ ಪ್ರೈಮರ್ (ನಕಲು ಶುರು ಮಾಡಿಸುವ ಚಿಕ್ಕ ಡಿಎನ್‌ಎ ತುಂಡು) ಬಳಸಿ ನಕಲು ತೆಗೆದರೆ ನಕಲು ಬಾಲದಿಂದ ತಲೆಯ ಕಡೆಗೆ ನಡೆಯುತ್ತದೆ. ನಡುವೆ ಎಳೆ ತುಂಡಾಗಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಆಗ ಮೊದಲ ಎಕ್ಸಾನ್ ಇಲ್ಲವೇ ಇಲ್ಲ ಅನ್ನುವ ಹಾಗೆ ಕಾಣುತ್ತದೆ. ರಿಪೋರ್ಟ್‌ನಲ್ಲಿ "ಎಕ್ಸಾನ್ 1 ಬಿಟ್ಟುಹೋಗಿದೆ" ಅಂತ ಬರೆದರೆ ಮುಗಿಯಿತು, ಒಂದು ಮನೆಯವರನ್ನು ಸುಮ್ನೆ ಹೆದರಿಸಿದ ಹಾಗೆ.

ಆರ್‌ಎನ್‌ಎ ಎಷ್ಟು ಶುದ್ಧ ಅಂತ ಬೆಳಕು ಹೀರುವುದನ್ನು ಅಳೆದು ನೋಡುವ 260/280 ಅನುಪಾತ 2ರ ಹತ್ತಿರ ಇರಬೇಕು. 260/230 ತುಂಬ ಕಡಿಮೆ ಬಂದರೆ ತೊಳೆಯುವಾಗ ಗ್ವಾನಿಡಿನ್ ಅಥವಾ ಫೀನಾಲ್ ಉಳಿದಿದೆ ಅಂತ ಅರ್ಥ, ನಕಲು ತೆಗೆಯುವ ಕಿಣ್ವ ಸರಿಯಾಗಿ ಓಡಲ್ಲ. ಇನ್ನೊಂದು ಸ್ಪಿನ್, ಇನ್ನೊಂದು ತೊಳೆತ, ಅಷ್ಟೇ.

ಥಲಸ್ಸೇಮಿಯಾ ಮಕ್ಕಳ ವಿಷಯದಲ್ಲಿ ಮಾತ್ರ ಒಂದು ಜಾಸ್ತಿ ಎಚ್ಚರ. ರಕ್ತ ಏರಿಸಿದ ಮೇಲೆ ಸ್ಯಾಂಪಲ್ ತೆಗೆದರೆ ಅದರಲ್ಲಿ ದಾನಿಯ ಕೆಂಪು ಕಣಗಳೂ ಇರುತ್ತವೆ. ಹೀಮೊಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಯ ಫಲಿತಾಂಶ ಅಡ್ಡದಾರಿ ಹಿಡಿಯುತ್ತದೆ. ರಕ್ತ ಏರಿಸುವ ಮುಂಚಿನ ಸ್ಯಾಂಪಲ್ ಕೇಳಿ, ಅಪ್ಪ ಅಮ್ಮನ ಸ್ಯಾಂಪಲ್ಲೂ ಕೇಳಿ.

ನಮ್ಮ ಹುಡುಗಿಯ ಟ್ಯೂಬ್ ಚೆನ್ನಾಗಿತ್ತು. ಅಷ್ಟರ ಮಟ್ಟಿಗೆ ಶಭಾಷ್.

380ರ ಬ್ಯಾಂಡ್: ಕಿಣ್ವ ಹಾಕದ ಟ್ಯೂಬ್ ಎಲ್ಲಿ?

250ಕ್ಕೆ 130 ಸೇರಿಸಿ. 380. ಅಂದರೆ ಮೊದಲ ಇಂಟ್ರಾನ್ ಇಡಿಯಾಗಿ ಉಳಿದುಕೊಂಡಿದೆ. ಹುಡುಗಿಗೆ ಖುಷಿಯಾಗಿದ್ದೇ ಇದಕ್ಕೆ. ಪಠ್ಯದಲ್ಲಿ ಇದಕ್ಕೆ ಇಂಟ್ರಾನ್ ರಿಟೆನ್ಶನ್ ಅಂತ ಹೆಸರಿದೆ, ಅದೂ ನಿಜವಾದ ದೋಷವೇ.

ಆದರೆ ಜೀನ್‌ನಲ್ಲೂ ಆ ಇಂಟ್ರಾನ್ ಇದೆಯಲ್ವಾ? ಆರ್‌ಎನ್‌ಎ ತೆಗೆಯುವಾಗ ಚೂರು ಡಿಎನ್‌ಎ ಜೊತೆಗೆ ಬಂದಿದ್ದರೂ ಅದೇ ಪ್ರೈಮರ್ ಜೋಡಿ ಅದರ ಮೇಲೆ ಕೂತು ಅದೇ 380 ಕೊಡುತ್ತದೆ. ಇಂಟ್ರಾನ್ ಹತ್ತಾರು ಸಾವಿರ ಅಕ್ಷರ ಉದ್ದವಿದ್ದರೆ ಪಿಸಿಆರ್ ಅಷ್ಟು ದೂರ ಓಡುವುದಿಲ್ಲ, ಈ ತಲೆನೋವಿಲ್ಲ. 130 ಅಕ್ಷರ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಬಿಡಿಸುವ ದಾರಿ ಸರಳ. ಒಂದೇ ಆರ್‌ಎನ್‌ಎಯಿಂದ ಎರಡು ಟ್ಯೂಬ್ ಮಾಡಿ. ಒಂದಕ್ಕೆ ನಕಲು ತೆಗೆಯುವ ಕಿಣ್ವ, ಅಂದರೆ ಆರ್‌ಟಿ ಹಾಕಿ. ಇನ್ನೊಂದಕ್ಕೆ ಉಳಿದದ್ದೆಲ್ಲ ಹಾಕಿ, ಆರ್‌ಟಿ ಮಾತ್ರ ಬಿಡಿ. ಆರ್‌ಟಿ ಇಲ್ಲದ ಟ್ಯೂಬಿನಲ್ಲೂ ಬ್ಯಾಂಡ್ ಬಂದರೆ ಅದು ಡಿಎನ್‌ಎ.

"ಆರ್‌ಟಿ ಇಲ್ಲದ್ದು ಹಾಕಿದ್ಯಾ?" ಅಂತ ಕೇಳಿದೆ.

ಅವಳು ಚಾವಣಿ ನೋಡಿದಳು.

ಶನಿವಾರ ಹಾಕಿದೆವು. ಬರೀ 380, ಒಂಟಿಯಾಗಿ, ಗಟ್ಟಿಯಾಗಿ ಬಂತು. ಡಿಎನ್‌ಏಸ್ ಕೊಟ್ಟು ಡಿಎನ್‌ಎ ತಿನ್ನಿಸಿ ಮತ್ತೆ ಓಡಿಸಿದಾಗ ಎರಡೂ ಟ್ಯೂಬಿನಿಂದ ಅದು ಮಾಯ. ನಾಲ್ಕರಲ್ಲಿ ಒಂದು ಕಳೆಯಿತು.

ಡಿಎನ್‌ಏಸ್ ಆದಮೇಲೂ ಆರ್‌ಟಿ ಇರುವ ಟ್ಯೂಬಿನಲ್ಲಿ ಮಾತ್ರ ಇಂಟ್ರಾನ್ ಬ್ಯಾಂಡ್ ಉಳಿದರೆ? ಆಗಲೂ ಅವಸರ ಬೇಡ. ನ್ಯೂಕ್ಲಿಯಸ್‌ನಲ್ಲಿ ಇನ್ನೂ ಹೊಲಿಗೆ ಮುಗಿಯದ ಹಸಿ ಆರ್‌ಎನ್‌ಎ ಎಲ್ಲರಲ್ಲೂ ಇರುತ್ತದೆ. ಎಲ್ಲೆಂದರಲ್ಲಿ ಅಂಟುವ ರ‍್ಯಾಂಡಮ್ ಪ್ರೈಮರ್ ಅದನ್ನೂ ಹಿಡಿಯುತ್ತದೆ. ಪಕ್ಕದಲ್ಲಿ ಒಬ್ಬ ಆರೋಗ್ಯವಂತರ ಸ್ಯಾಂಪಲ್ಲನ್ನು ಅದೇ ದಿನ, ಅದೇ ಕೈಯಲ್ಲಿ ಓಡಿಸಿ. ಅಲ್ಲೂ ಅಷ್ಟೇ ಬಂದರೆ ಅದು ರೋಗವಲ್ಲ. ಒಬ್ಬರಲ್ಲ, ಇಬ್ಬರು ಮೂವರದ್ದು ಇದ್ದರೆ ನನಗೆ ನೆಮ್ಮದಿ.

300ರ ಬ್ಯಾಂಡ್: ದೆವ್ವ

ಇದು ನನಗೆ ತುಂಬ ಹಳೆಯ ಗೆಳೆಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದ್ದೇ ಒಂದು ಬ್ಯಾಂಡ್ ಹಿಂದೆ ಎರಡು ತಿಂಗಳು ಓಡಿದ್ದೇನೆ. ಜೆಲ್‌ನಿಂದ ಕತ್ತರಿಸಿ ತೆಗೆದು, ಪ್ಲಾಸ್ಮಿಡ್‌ಗೆ (ಬ್ಯಾಕ್ಟೀರಿಯಾದೊಳಗಿನ ಉಂಗುರದಂಥ ಡಿಎನ್‌ಎಗೆ) ಸೇರಿಸಿ, ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಒಂದೊಂದೇ ಕಾಲೊನಿ ಓದಿಸಿದೆ. ಎಷ್ಟು ಓದಿಸಿದರೂ ಎರಡೇ ಬಗೆ. ಒಂದು ಸರಿಯಾದ ಸಾಲು, ಇನ್ನೊಂದು ಕೆಳಗಿನ ಬ್ಯಾಂಡಿನ ಸಾಲು. ಮೂರನೆಯದು ಇಲ್ಲವೇ ಇಲ್ಲ.

ಯಾಕೆ ಅಂದರೆ, ಪಿಸಿಆರ್ ಕೊನೆಯ ಸುತ್ತುಗಳಲ್ಲಿ ಪ್ರೈಮರ್ ಕಡಿಮೆಯಾಗುತ್ತದೆ. ಬಿಸಿಯಲ್ಲಿ ಬಿಚ್ಚಿಕೊಂಡ ಎಳೆಗಳು ತಣ್ಣಗಾಗುವಾಗ ಕೈಗೆ ಸಿಕ್ಕವರ ಜೊತೆ ಕೂಡಿಕೊಳ್ಳುತ್ತವೆ. ಉದ್ದದ ಎಳೆಯೊಂದು ಗಿಡ್ಡ ಎಳೆಯ ಜೊತೆ ಕೂಡಿದರೆ ನಡುವೆ ಒಂದು ಗೂನು ಉಳಿಯುತ್ತದೆ. ಗೂನು ಬೆನ್ನಿನವರು ಜೆಲ್‌ನ ಸಂದಿಯಲ್ಲಿ ನಿಧಾನ ನಡೆಯುತ್ತಾರೆ. ಹಾಗಾಗಿ ಇಬ್ಬರಿಗಿಂತಲೂ ಮೇಲೆ ಕಾಣಿಸುತ್ತಾರೆ. ಹೆಟೆರೊಡುಪ್ಲೆಕ್ಸ್ ಅಂತ ಇದರ ಹೆಸರು, ನಮ್ಮ ಲ್ಯಾಬಿನಲ್ಲಿ ದೆವ್ವ.

ಓಡಿಸುವುದು ಸುಲಭ. ಆ ಪಿಸಿಆರ್ ಮಾಲನ್ನು ಹತ್ತರಷ್ಟು ತೆಳು ಮಾಡಿ, ಹೊಸ ಪ್ರೈಮರ್ ಹಾಕಿ ಎರಡೋ ಮೂರೋ ಸುತ್ತು ಮಾತ್ರ ಓಡಿಸಿ. ಎಳೆಗಳಿಗೆ ಸರಿಯಾದ ಜೋಡಿ ಸಿಕ್ಕಿ ದೆವ್ವ ಬಿಟ್ಟುಹೋಗುತ್ತದೆ. ಇಲ್ಲವೇ ಎಳೆಗಳನ್ನು ಬಿಡಿಸಿ ಓಡಿಸುವ ಜೆಲ್ ಅಥವಾ ಕ್ಯಾಪಿಲರಿ ಯಂತ್ರದಲ್ಲಿ ನೋಡಿ. ನಮ್ಮದೂ ಹಾಗೇ ಬಿಟ್ಟುಹೋಯಿತು.

ದೆವ್ವಕ್ಕೂ ಒಂದು ಉಪಯೋಗವಿದೆ. ಅದು ಕಾಣಿಸಿದೆ ಅಂದರೆ ಟ್ಯೂಬಿನಲ್ಲಿ ಎರಡು ಬೇರೆ ಬೇರೆ ಸಾಲು ನಿಜಕ್ಕೂ ಇರಬೇಕು. ಹಾಗಾಗಿ ಕೆಳಗಿನ ಸಣ್ಣ ಗೆರೆಯ ಮೇಲೆ ನನ್ನ ಕಣ್ಣು ಬಿತ್ತು.

ನಡುವೆ ಇನ್ನೊಂದು ಮಾತು. ಬೀಟಾ ಗ್ಲೋಬಿನ್‌ಗೆ ಡೆಲ್ಟಾ ಅಂತ ಒಬ್ಬ ತಮ್ಮನಿದ್ದಾನೆ. ನೋಡಲು ಅಣ್ಣನ ಹಾಗೇ. ಪ್ರೈಮರ್ ಬರೆಯುವಾಗ ಎಚ್ಚರ ತಪ್ಪಿದರೆ ಅದು ಡೆಲ್ಟಾ ಮೇಲೂ ಕೂರುತ್ತದೆ. ಓದಿಸಿದಾಗ ಅಲ್ಲಲ್ಲಿ ಚದುರಿದ ಹಲವು ಅಕ್ಷರ ಬದಲಾಗಿದ್ದರೆ ಅದು ಮ್ಯುಟೇಶನ್ ಅಲ್ಲ, ತಮ್ಮ.

ಉಳಿದ ಗೆರೆ: ಈಗ ಕೂಡಿಸಿ ಕಳೆಯಿರಿ

ಮೋಸದ ಬ್ಯಾಂಡ್‌ಗಳು ಹೋದಮೇಲೆ ಉಳಿದದ್ದಕ್ಕೆ ಲೆಕ್ಕ ಹಾಕಬೇಕು. ಸರಿಯಾದ ಅಳತೆಗೂ ಬಂದ ಅಳತೆಗೂ ಎಷ್ಟು ವ್ಯತ್ಯಾಸ? ಆ ಒಂದು ಸಂಖ್ಯೆ ಅರ್ಧ ಕಥೆ ಹೇಳುತ್ತದೆ. ನಮ್ಮ ಪ್ರೈಮರ್ ಜೋಡಿ ಎಕ್ಸಾನ್ 1ರಿಂದ ಎಕ್ಸಾನ್ 2ಕ್ಕೆ, ಸರಿಯಾದದ್ದು 250. ಮೊದಲ ಹೊಲಿಗೆಯಲ್ಲಿ ಏನೇನು ಕೆಡಬಹುದು ನೋಡೋಣ.

ಐವಿಎಸ್ 1-5ರಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಭಾರತದಲ್ಲಿ ಬೀಟಾ ಥಲಸ್ಸೇಮಿಯಾಕ್ಕೆ ಅತಿ ಹೆಚ್ಚು ಕಾರಣವಾಗುವುದು ಇದೇ, ನಮ್ಮ ಕರ್ನಾಟಕದಲ್ಲೂ. ಮೊದಲ ಇಂಟ್ರಾನ್‌ನ ಐದನೇ ಅಕ್ಷರ ಜಿ ಇದ್ದದ್ದು ಸಿ ಆಗಿದೆ. ಅಷ್ಟೇ. ಪ್ರೋಟೀನ್‌ಗೆ ಸೇರುವ ಒಂದು ಅಕ್ಷರವೂ ಬದಲಾಗಿಲ್ಲ. ಆದರೆ ಯು1 ಹಿಡಿದುಕೊಳ್ಳುವ ಒಂಬತ್ತರಲ್ಲಿ ಒಂದು ಹಿಡಿ ತಪ್ಪಿತು. ಹಿಡಿ ಸಡಿಲವಾದಾಗ ಕೋಶ ಸುತ್ತಮುತ್ತ ಜಿ-ಟಿ ಹುಡುಕುತ್ತದೆ. ಅಂಥ ಮೂರು ಜಾಗ ಹತ್ತಿರದಲ್ಲೇ ಕಾದು ಕೂತಿವೆ. ಎಕ್ಸಾನ್ ಒಳಗೆ 38 ಅಕ್ಷರ ಹಿಂದೆ ಒಂದು, 16 ಅಕ್ಷರ ಹಿಂದೆ ಒಂದು, ಇಂಟ್ರಾನ್ ಒಳಗೆ 12 ಅಕ್ಷರ ದಾಟಿ ಒಂದು. ಜೆಲ್ ಮೇಲೆ ಇವು 212, 234 ಮತ್ತು 262 ಆಗುತ್ತವೆ. 1983ರಲ್ಲಿ ಟ್ರೀಸ್ಮನ್, ಆರ್ಕಿನ್, ಮ್ಯಾನಿಯಾಟಿಸ್ ಥಲಸ್ಸೇಮಿಯಾ ಜೀನ್‌ಗಳನ್ನು ಬೇರೆ ಕೋಶಗಳಲ್ಲಿ ಓಡಿಸಿ ಇಂಥದ್ದನ್ನೆಲ್ಲ ತೋರಿಸಿದ್ದರು. ಐವಿಎಸ್ 1-1ರಲ್ಲೂ ಇದೇ ಮೂರು ಜಾಗಗಳು ಎದ್ದು ಕೂರುತ್ತವೆ. ವ್ಯತ್ಯಾಸ ಏನೆಂದರೆ, ಅಲ್ಲಿ ಜಿ-ಟಿಯ ಜಿ ಅಕ್ಷರವೇ ಹೋಗಿರುವುದರಿಂದ ಸರಿಯಾದ 250 ಆ ಜೀನ್‌ನಿಂದ ಒಂದು ಚೂರೂ ಬರುವುದಿಲ್ಲ. 1-5ರಲ್ಲಿ ಸ್ವಲ್ಪ ಬರುತ್ತದೆ.

250ಕ್ಕೂ 262ಕ್ಕೂ ಇರುವ ಅಂತರ 2 ಪರ್ಸೆಂಟ್ ಅಗರೋಸ್ ಜೆಲ್‌ನಲ್ಲಿ ಕಾಣಲ್ಲ. ಎರಡೂ ಒಂದೇ ದಪ್ಪ ಬ್ಯಾಂಡ್ ಆಗಿ ಕೂತಿರುತ್ತವೆ. 3–4 ಪರ್ಸೆಂಟ್ ಬೇಕು, ಇಲ್ಲವೇ ಅಕ್ರಿಲಮೈಡ್.

ಮೆಡಿಟರೇನಿಯನ್ ಕಡೆಯ ಐವಿಎಸ್ 1-110 ಬೇರೆ ಥರದ್ದು. ಅದು ಇರುವ ಜಾಗವನ್ನು ಕೆಡಿಸುವುದಿಲ್ಲ, ಹೊಸದನ್ನು ಹುಟ್ಟಿಸುತ್ತದೆ. ಇಂಟ್ರಾನ್ ಕೊನೆಗೆ ಇನ್ನೂ ಸ್ವಲ್ಪ ದೂರ ಇರುವಾಗಲೇ ಟಿ-ಟಿ-ಜಿ-ಜಿ ಇದ್ದದ್ದು ಟಿ-ಟಿ-ಎ-ಜಿ ಆಗಿಬಿಟ್ಟಿದೆ. ಕೋಶ "ಓ, ಎ-ಜಿ ಬಂತು" ಅಂತ ಅಲ್ಲೇ ಹೊಲಿಯುತ್ತದೆ. ಇಂಟ್ರಾನ್‌ನ ಬಾಲದ 19 ಅಕ್ಷರ ಎಕ್ಸಾನ್ ಜೊತೆ ಒಳಗೆ ನುಗ್ಗುತ್ತವೆ. ಜೆಲ್ ಮೇಲೆ 269. ಆ 19 ಅಕ್ಷರಗಳನ್ನು ಮೂರು ಮೂರಾಗಿ ಓದಿ ನೋಡಿ. ಎಕ್ಸಾನ್ 1ರ ಕೊನೆಯ ಎ-ಜಿ ಜೊತೆ ಸೇರಿ ಹೀಗೆ ಬರುತ್ತದೆ:

ಎಜಿಟಿ – ಸಿಟಿಎ – ಟಿಟಿಟಿ – ಟಿಸಿಸಿ – ಸಿಎಸಿ – ಸಿಸಿಟಿ – ಟಿಎಜಿ

ಟಿಎಜಿ ಅಂದರೆ ನಿಲ್ಲು. ಪ್ರೋಟೀನ್ ಅಲ್ಲಿಗೇ ಖತಂ. ಆ ಟಿಎಜಿ ಯಾವುದು ಗೊತ್ತಾ? ಇಂಟ್ರಾನ್ ಇಲ್ಲಿಗೆ ಮುಗಿಯಿತು ಅಂತ ಹೇಳುತ್ತಿದ್ದ ಹಳೆಯ ಗುರುತೇ. ಹೊಲಿಗೆಗೆ ಗುರುತಾಗಿದ್ದ ಅಕ್ಷರಗಳೇ ಈಗ ಅನುವಾದಕ್ಕೆ ಅಡ್ಡಗಟ್ಟೆ. ಎಷ್ಟು ಸಲ ಪಾಠ ಮಾಡಿದರೂ ಈ ಜಾಗ ಬಂದಾಗ ನಾನು ಒಂದು ನಿಮಿಷ ನಿಲ್ಲುತ್ತೇನೆ.

ಸಂಖ್ಯೆ ಮೂರರ ಮಗ್ಗಿಯಲ್ಲಿ ಬಂದರೆ ಒಂದು ಕಥೆ, ಬರದಿದ್ದರೆ ಇನ್ನೊಂದು. "ಮಗಳು ಮನೆಗೆ ಬರಲಿ" ಅನ್ನುವುದನ್ನು ಮೂರು ಮೂರು ಅಕ್ಷರವಾಗಿಯೇ ಓದಬೇಕು ಅಂತ ನಿಯಮ ಇಟ್ಟುಕೊಳ್ಳಿ. ಎರಡನೇ ಅಕ್ಷರ ತೆಗೆದರೆ "ಮಳುಮ ನೆಗೆಬ ರಲಿ". ಅಲ್ಲಿಂದ ಮುಂದೆ ಎಲ್ಲ ಗಲಿಬಿಲಿ. 38, 16, 19 ಮೂರೂ ಹೀಗೆ ಕೆಡಿಸುತ್ತವೆ. 12 ಮಾತ್ರ ಮೂರರ ಮಗ್ಗಿಯಲ್ಲಿದೆ, ನಾಲ್ಕು ಅಮೈನೊ ಆಮ್ಲ ಜಾಸ್ತಿ ಸೇರಿ ಓದು ಮುಂದುವರಿಯುತ್ತದೆ.

ಎರಡನೇ ಇಂಟ್ರಾನ್‌ನ ತಪ್ಪುಗಳಿಗೆ ಎಕ್ಸಾನ್ 2ರಿಂದ 3ಕ್ಕೆ ಬೇರೆ ಪ್ರೈಮರ್ ಜೋಡಿ ಬೇಕು. ಚೀನಾದಲ್ಲಿ ಹೆಚ್ಚಾಗಿ ಕಾಣುವ ಐವಿಎಸ್ 2-654 ಅಲ್ಲಿ 73 ಅಕ್ಷರದ ಒಂದು ಸುಳ್ಳು ಎಕ್ಸಾನ್ ಹುಟ್ಟಿಸುತ್ತದೆ. 73 ಜಾಸ್ತಿ ಕಂಡರೆ ಹೆಚ್ಚು ಯೋಚಿಸಬೇಕಿಲ್ಲ.

ಈಗ ನಮ್ಮ ಗೆರೆ. ಅಕ್ರಿಲಮೈಡ್ ಮೇಲೆ ಅದು 234ರಲ್ಲಿ ಕೂತಿತು. 16 ಕಡಿಮೆ. ಆದರೆ 212 ಇಲ್ಲ, 262 ಇಲ್ಲ. ಐವಿಎಸ್ 1-5 ಆಗಿದ್ದರೆ ಮೂವರೂ ಬರಬೇಕಿತ್ತು, ಅದು ನೆಗೆಟಿವ್ ಅಂತಲೂ ಗೊತ್ತಿತ್ತು. ಅಂದರೆ ನಿಜವಾದ ಜಾಗ ದುರ್ಬಲವಾಗಿಲ್ಲ. 16 ಹಿಂದೆ ಇರುವ ಆ ಒಂದು ಜಾಗಕ್ಕೇ ಬಲ ಬಂದಿದೆ.

ಆ ಜಾಗ ಇರುವುದು ಕೋಡಾನ್ 25ರಲ್ಲಿ. ಅಲ್ಲಿನ ಸಾಲು ಜಿ-ಟಿ-ಜಿ-ಎ-ಜಿ-ಜಿ. ಯು1ಗೆ ಇಷ್ಟವಾದದ್ದು ಜಿ-ಟಿ-ಎ-ಎ-ಜಿ-ಟಿ. ಮೂರನೇ ಅಕ್ಷರ ಜಿ ಹೋಗಿ ಎ ಬಂದರೆ ಮೊದಲ ಐದೂ ಹೊಂದುತ್ತವೆ. ನಾನು ಹಾಳೆಯ ಮೇಲೆ ಒಂಬತ್ತಕ್ಕೆ ಮಾರ್ಕ್ಸ್ ಹಾಕಿ ತೋರಿಸಿದೆ. ಮಾಮೂಲಿ ಜಾಗಕ್ಕೆ 7. ಈ ಕಳ್ಳ ಜಾಗಕ್ಕೆ ಮೊದಲು 5, ಬದಲಾದ ಮೇಲೆ 6. ಎಲ್ಲ ಅಕ್ಷರಕ್ಕೂ ಒಂದೇ ತೂಕ ಇಲ್ಲ ನಿಜ, ಇದು ಬರೀ ಅಂದಾಜು. ಆದರೂ ಗೊತ್ತಾಗುತ್ತದೆ, ಅಸಲಿ ಇನ್ನೂ ಗೆಲ್ಲುತ್ತದೆ, ಕಳ್ಳನಿಗೂ ಆಗಾಗ ಒಂದೆರಡು ಓಟು ಬೀಳುತ್ತವೆ. ಗೆರೆ ಮಬ್ಬಾಗಿರುವುದು ಅದಕ್ಕೇ.

ಆ ಮೂರನೇ ಅಕ್ಷರ ಕೋಡಾನ್ 26ರ ಮೊದಲನೆಯದು. ಜಿಎಜಿ ಇದ್ದದ್ದು ಎಎಜಿ ಆದರೆ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ಲೈಸಿನ್ ಬರುತ್ತದೆ. ಅದಕ್ಕೆ ಹಳೆಯ ಹೆಸರಿದೆ, ಹೀಮೊಗ್ಲೋಬಿನ್ ಇ. ಒಂದೇ ಅಕ್ಷರ ಎರಡು ಕೆಲಸ ಕೆಡಿಸುತ್ತದೆ, ಪ್ರೋಟೀನ್ ರೂಪವನ್ನೂ ಬದಲಿಸುತ್ತದೆ, ಹೊಲಿಗೆಯನ್ನೂ ಎಳೆದಾಡುತ್ತದೆ. ಹೀಮೊಗ್ಲೋಬಿನ್ ಇ ಸಾಕಷ್ಟು ತಯಾರಾಗದೆ ಥಲಸ್ಸೇಮಿಯಾದ ಹಾಗೆ ನಡೆದುಕೊಳ್ಳುವುದು ಈ ಎರಡನೆಯದರಿಂದ. ಈಶಾನ್ಯ ರಾಜ್ಯಗಳಲ್ಲಿ, ಬಂಗಾಳದಲ್ಲಿ, ಆಗ್ನೇಯ ಏಷ್ಯಾದಲ್ಲಿ ಇದು ಸಾಮಾನ್ಯ.

ಬೇರೆ ಬ್ಯಾಂಡೇ ಇಲ್ಲ, ಆದರೆ ಆರ್‌ಎನ್‌ಎ ಕಡಿಮೆ

ಈ ದೂರೂ ಆಗಾಗ ಬರುತ್ತದೆ. ಡಿಎನ್‌ಎಯಲ್ಲಿ ಅನುಮಾನದ ಅಕ್ಷರ ಇದೆ, ಜೆಲ್ ನೋಡಿದರೆ ಒಂದೇ ಬ್ಯಾಂಡ್, ಅದೂ ಸರಿಯಾದ ಅಳತೆ. "ಹಾಗಾದರೆ ತೊಂದರೆ ಇಲ್ಲ" ಅಂತ ಬರೆಯಬೇಡಿ. ತಪ್ಪಾದ ಆರ್‌ಎನ್‌ಎಯನ್ನು ಕೋಶವೇ ಸುಟ್ಟು ಹಾಕಿರಬಹುದು.

ಹೊಲಿಗೆ ಹಾಕಿದ ಪ್ರತಿ ಜಾಗದ ಹತ್ತಿರ ಕೋಶ ಒಂದು ಪ್ರೋಟೀನ್ ಗುಂಪನ್ನು ಬಿಟ್ಟಿರುತ್ತದೆ. ಪ್ರೋಟೀನ್ ಕಟ್ಟಲು ಮೊದಲ ಸಲ ಆರ್‌ಎನ್‌ಎ ಓದುವ ರೈಬೋಸೋಮ್ ಅವನ್ನೆಲ್ಲ ತಳ್ಳಿಕೊಂಡು ಹೋಗುತ್ತದೆ. ಕೊನೆಯ ಹೊಲಿಗೆಗೆ 50–55 ಅಕ್ಷರಕ್ಕಿಂತ ಹಿಂದೆಯೇ ಓದು ನಿಂತರೆ ಮುಂದಿನ ಗುಂಪು ಹಾಗೇ ಉಳಿಯುತ್ತದೆ. ಅದನ್ನು ಕಂಡು ಕೋಶ ಆ ಆರ್‌ಎನ್‌ಎಯನ್ನು ನಾಶ ಮಾಡುತ್ತದೆ. ಇದಕ್ಕೆ ನಾನ್‌ಸೆನ್ಸ್ ಮೀಡಿಯೇಟೆಡ್ ಡಿಕೇ, ಚಿಕ್ಕದಾಗಿ ಎನ್‌ಎಂಡಿ ಅನ್ನುತ್ತಾರೆ. ನಮ್ಮ 234ನ್ನೇ ನೋಡಿ. ಓದು ತಪ್ಪಿದ ಮೇಲೆ ನಿಲ್ಲು ಸಂಕೇತ ಎಕ್ಸಾನ್ 2ರ ನಡುವೆಯೇ ಸಿಗುತ್ತದೆ, ಕೊನೆಯ ಹೊಲಿಗೆ ಇನ್ನೂ 100 ಅಕ್ಷರಕ್ಕಿಂತ ದೂರ. ಜೆಲ್ ಮೇಲೆ ಕಂಡದ್ದು ಸಾಯದೆ ಉಳಿದವು ಮಾತ್ರ.

ಬೀಟಾ ಗ್ಲೋಬಿನ್‌ನ ಕೊನೆಯ ಎಕ್ಸಾನ್‌ನಲ್ಲಿ ನಿಲ್ಲು ಸಂಕೇತ ಬಂದರೆ ಅದು ತಪ್ಪಿಸಿಕೊಳ್ಳುತ್ತದೆ. ಅರೆಬರೆ ಪ್ರೋಟೀನ್ ತಯಾರಾಗಿ ಒಂದೇ ಕೆಟ್ಟ ಜೀನ್ ಇದ್ದವರಿಗೂ ಕಾಯಿಲೆ ಬರಬಹುದು. ಸುಟ್ಟು ಹಾಕುವುದೇ ವಾಸಿ ಅನ್ನಿಸುವುದು ಇಂಥಲ್ಲಿ.

ಪರೀಕ್ಷೆಗೆ ಎರಡು ದಾರಿ. ಬದುಕಿರುವ ಕೋಶ ಇದ್ದರೆ ಸೈಕ್ಲೊಹೆಕ್ಸಿಮೈಡ್ ಅಥವಾ ಪ್ಯೂರೊಮೈಸಿನ್ ಕೊಟ್ಟು ಓದುವುದನ್ನೇ ಕೆಲವು ಗಂಟೆ ನಿಲ್ಲಿಸಿ, ಆಮೇಲೆ ಆರ್‌ಎನ್‌ಎ ತೆಗೆಯಿರಿ. ಮುಚ್ಚಿಹೋಗಿದ್ದ ಬ್ಯಾಂಡ್ ಎದ್ದು ಬರುತ್ತದೆ. ಆದರೆ ಜೀನ್ ಯಾವ ಕೋಶದಲ್ಲಿ ಕೆಲಸ ಮಾಡುತ್ತದೆ ಅಂತ ಮೊದಲು ಕೇಳಿಕೊಳ್ಳಿ. ಬಿಳಿ ರಕ್ತಕಣ ಬೆಳೆಸಿ ಗ್ಲೋಬಿನ್ ಹುಡುಕಿದರೆ ಪ್ರಯೋಜನವಿಲ್ಲ, ಅದು ಕೆಂಪು ಕಣದ ಸಾಲಿನವರ ಕೆಲಸ. ಎರಡನೇ ದಾರಿ ಇನ್ನೂ ಸುಲಭ. ಎಕ್ಸಾನ್ ಒಳಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಅಕ್ಷರ ಬಂದಿರುವ ಜಾಗ ಇದೆಯಾ ನೋಡಿ. ಡಿಎನ್‌ಎ ಓದಿನಲ್ಲಿ ಎರಡು ಶಿಖರ ಸಮ ಇದ್ದು, ಆರ್‌ಎನ್‌ಎ ನಕಲಿನ ಓದಿನಲ್ಲಿ ಒಂದೇ ಉಳಿದರೆ, ಇನ್ನೊಂದು ಜೀನ್‌ನ ಆರ್‌ಎನ್‌ಎ ಎಲ್ಲೋ ಸತ್ತಿದೆ.

ಮಬ್ಬು ಬ್ಯಾಂಡ್ ಎಷ್ಟು ಪರ್ಸೆಂಟ್ ಅಂತ ಜೆಲ್ ಫೋಟೊದಿಂದ ಹೇಳಲು ಹೋಗಬೇಡಿ. ನಮ್ಮ ಹುಡುಗಿ 40 ಸುತ್ತು ಓಡಿಸಿದ್ದಳು. ಪಿಸಿಆರ್‌ಗೆ ಗಿಡ್ಡದ್ದು ಕಂಡರೆ ಪ್ರೀತಿ ಜಾಸ್ತಿ, 40 ಸುತ್ತಿನಲ್ಲಿ ಸಾಸಿವೆ ಕುಂಬಳಕಾಯಿ ಆಗುತ್ತದೆ.

ತಲೆ, ಬಾಲ, ಮತ್ತೆ ಬದಲಾದ ಅಕ್ಷರ

ಟೋಪಿಯ ದೋಷ ಅಪರೂಪ. ಬೀಟಾ ಗ್ಲೋಬಿನ್ ಆರ್‌ಎನ್‌ಎಯ ಮೊದಲ ಅಕ್ಷರವೇ ಎ ಹೋಗಿ ಸಿ ಆಗುವ ಮ್ಯುಟೇಶನ್ ಭಾರತೀಯರಲ್ಲಿ ಸಿಕ್ಕಿದೆ. ಅಳತೆ ಬದಲಾಗದ ಕಾರಣ ಜೆಲ್ ನೋಡಿ ಗೊತ್ತಾಗಲ್ಲ, ಪರಿಣಾಮವೂ ಸೌಮ್ಯ.

ಬಾಲದ ದೋಷ ಹಾಗಲ್ಲ. ಎ-ಎ-ಟಿ-ಎ-ಎ-ಎ ಎಂಬ ಗುರುತು ಕಂಡ ಮೇಲೆ ಹತ್ತಿಪ್ಪತ್ತು ಅಕ್ಷರ ಬಿಟ್ಟು ಕೋಶ ಕತ್ತರಿಸುತ್ತದೆ. ಅದರಲ್ಲಿ ಒಂದು ಟಿ ಜಾಗಕ್ಕೆ ಸಿ ಬಂದ ಥಲಸ್ಸೇಮಿಯಾ ಅಮೆರಿಕದ ಕಪ್ಪು ಜನರಲ್ಲಿ 1985ರಲ್ಲಿ ವರದಿಯಾಯಿತು. ಅಲ್ಲಿ ಕತ್ತರಿ ಬೀಳದೆ ಆರ್‌ಎನ್‌ಎ ಸುಮಾರು 900 ಅಕ್ಷರ ಮುಂದಕ್ಕೆ ಓಡುತ್ತದೆ. ಇದನ್ನು ಎಕ್ಸಾನ್ 1–2 ಪ್ರೈಮರ್ ಎಂದೂ ಹಿಡಿಯುವುದಿಲ್ಲ. ಬಾಲದ ಕಡೆಯ ರೇಸ್ (ಆರ್‌ಎನ್‌ಎಯ ತುದಿ ಎಲ್ಲಿದೆ ಅಂತ ನಕಲು ತೆಗೆದು ನೋಡುವ ವಿಧಾನ) ಮಾಡಬೇಕು.

ಇನ್ನು, ಡಿಎನ್‌ಎಯಲ್ಲಿ ಎ ಇದೆ, ಆರ್‌ಎನ್‌ಎ ನಕಲಿನಲ್ಲಿ ಜಿ ಓದುತ್ತಿದೆ ಅಂತ ಗಾಬರಿಯಾಗಿ ಬರುವವರಿದ್ದಾರೆ. ಎಲ್ಲ ಸಲವೂ ತಪ್ಪಲ್ಲ. ಕೋಶವೇ ಕೆಲವು ಎ ಅಕ್ಷರಗಳನ್ನು ಇನೋಸಿನ್ ಆಗಿ ತಿದ್ದುತ್ತದೆ, ಯಂತ್ರ ಅದನ್ನು ಜಿ ಅಂತ ಓದುತ್ತದೆ. ಕರುಳಿನಲ್ಲಿ ಅಪೊಬಿ (ಕೊಬ್ಬು ಸಾಗಿಸುವ ಒಂದು ಪ್ರೋಟೀನ್) ಆರ್‌ಎನ್‌ಎಯ ಒಂದು ಸಿ ಅಕ್ಷರವನ್ನು ಯು ಮಾಡಿ, ಬೇಕೆಂದೇ ನಿಲ್ಲು ಸಂಕೇತ ಹುಟ್ಟಿಸುತ್ತದೆ. ಪಿತ್ತಜನಕಾಂಗದಲ್ಲಿ 4536 ಅಮೈನೊ ಆಮ್ಲದ ಪ್ರೋಟೀನ್ ತಯಾರಾದರೆ ಕರುಳಿನಲ್ಲಿ ಅದೇ ಜೀನ್‌ನಿಂದ ಅದರ ಅರ್ಧಕ್ಕಿಂತ ಸ್ವಲ್ಪ ಗಿಡ್ಡದ್ದು. ಹಾಗಾಗಿ ಯಾವ ಅಂಗಾಂಶ ಅಂತ ಕೇಳಿ, ಆರೋಗ್ಯವಂತರಲ್ಲೂ ಹಾಗಿದೆಯಾ ನೋಡಿ, ಆಮೇಲೆ ಮಾತಾಡಿ.

ಆರ್‌ಎನ್‌ಎ ಸಿಗದೇ ಇದ್ದಾಗ

ಮೆದುಳಿನಲ್ಲೋ ಹೃದಯದಲ್ಲೋ ಮಾತ್ರ ಓಡುವ ಜೀನ್ ಆದರೆ ಸ್ಯಾಂಪಲ್ ಎಲ್ಲಿಂದ ತರುವುದು? ಆಗ ಆ ಎಕ್ಸಾನ್ ಮತ್ತು ಆಚೀಚಿನ ಇಂಟ್ರಾನ್ ತುಂಡನ್ನು ಪ್ಲಾಸ್ಮಿಡ್‌ಗೆ ಹಾಕಿ ಮಿನಿಜೀನ್ ಮಾಡುತ್ತೇವೆ. ಸರಿಯಾದ ಅಕ್ಷರದ್ದು ಒಂದು, ಬದಲಾದದ್ದು ಒಂದು. ಎರಡನ್ನೂ ಬೆಳೆಸಿದ ಕೋಶಕ್ಕೆ ಕೊಟ್ಟು ಹೋಲಿಸಿದರೆ ಹೊಲಿಗೆ ಕೆಡುವುದು ಕಣ್ಣಿಗೆ ಕಾಣುತ್ತದೆ. ತುಂಡು ತೀರಾ ಚಿಕ್ಕದಾದರೆ ದೂರದಿಂದ ಸಹಾಯ ಮಾಡುವ ಸಾಲುಗಳು ಬಿಟ್ಟುಹೋಗುತ್ತವೆ, ಅಷ್ಟು ನೆನಪಿರಲಿ.

ಸ್ಪ್ಲೈಸ್‌ಎಐ ಥರದ ಸಾಫ್ಟ್‌ವೇರ್ ನಾನೂ ಬಳಸುತ್ತೇನೆ. ಎಲ್ಲಿ ಹುಡುಕಬೇಕು ಅಂತ ಚೆನ್ನಾಗಿ ತೋರಿಸುತ್ತದೆ. ಆದರೆ ಅದರ ಅಂಕವನ್ನೇ ತೀರ್ಪು ಅಂತ ರಿಪೋರ್ಟ್‌ನಲ್ಲಿ ಬರೆಯುವುದು ನನಗೆ ಒಪ್ಪಿಗೆಯಿಲ್ಲ.

ಸೋಮವಾರ

234ರ ಗೆರೆಯನ್ನು ಕತ್ತರಿಸಿ ಓದಿಸಲು ಕಳಿಸಿದ್ದೆವು. ಎಕ್ಸಾನ್ 1ರ ಕೊನೆಯ 16 ಅಕ್ಷರ ಮಾಯ, ನಂತರ ನೇರ ಎಕ್ಸಾನ್ 2. ಅದೇ ಹೊತ್ತಿಗೆ ಜೀನ್ ಓದಿದ ರಿಪೋರ್ಟೂ ಬಂತು. ಕೋಡಾನ್ 26, ಜಿ ಮತ್ತು ಎ ಎರಡೂ ಶಿಖರ. ಹೀಮೊಗ್ಲೋಬಿನ್ ಇ ಕ್ಯಾರಿಯರ್.

ನನಗೊಂದು ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ಬೀಟಾ ಥಲಸ್ಸೇಮಿಯಾ ಕ್ಯಾರಿಯರ್ ಆದವರಿಗೆ ಎ2 ಸಾಮಾನ್ಯವಾಗಿ 4ರಿಂದ 6–7 ಪರ್ಸೆಂಟ್. ಹೀಮೊಗ್ಲೋಬಿನ್ ಇ ಬೇರೆ ವಸ್ತುವಾದರೂ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಎ2 ಜಾಗದಲ್ಲೇ ಇಳಿಯುತ್ತದೆ. ಸ್ಯಾಂಪಲ್ ಕಳಿಸಿದ ಕಡೆಗೆ ಫೋನ್ ಮಾಡಿದೆ.

"ಸರ್, ಎ2 ಜಾಸ್ತಿ ಅಂತ ಬರೆದಿದ್ರಲ್ಲ, ಎಷ್ಟಿತ್ತು?"

ಫೈಲ್ ಮಗುಚುವ ಸದ್ದು ಕೇಳಿಸಿತು.

"ಇಪ್ಪತ್ತೇಳು, ಮೇಡಂ."

ಹುಡುಗಿ ನನ್ನ ಮುಖ ನೋಡಿದಳು. ನಾನು ಸ್ಯಾಂಪಲ್ ತೆಗೆದುಕೊಳ್ಳುವ ಫಾರಂ ತೆಗೆದು, "ಎ2" ಅನ್ನುವುದರ ಮುಂದೆ ಒಂದು ಖಾಲಿ ಚೌಕ ಬರೆದು, ಪಕ್ಕದಲ್ಲಿ "ಸಂಖ್ಯೆ ಕಡ್ಡಾಯ" ಅಂತ ಸೇರಿಸಿದೆ.